ಬಲಗಾಲಿನ ಹೆಬ್ಬೆರಳು

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷದ ಮಾತು. ನಾನಾಗ ಜೆ.ಪಿ. ನಗರದ ಎಂಬತ್ತು ಹಾಸಿಗೆಯ ಖಾಸಗಿ ಆಸ್ಪತ್ರೆಯೊಂದರಲ್ಲಿ ಮೂಳೆ ಮತ್ತು ಕೀಲು ವಿಭಾಗದ ಮುಖ್ಯಸ್ಥೆಯಾಗಿದ್ದೆ. ಇಪ್ಪತ್ತೇಳು ವರ್ಷದ ಸರ್ವಿಸು. ಸುತ್ತಿಗೆ, ಉಳಿ, ಡ್ರಿಲ್ಲು ಹಿಡಿಯುವ ಈ ಕೆಲಸದಲ್ಲಿ ಹೆಂಗಸರು ಕಡಿಮೆ. ಮೊದಮೊದಲು ರೋಗಿಗಳು ನನ್ನನ್ನು ನೋಡಿ “ಸಿಸ್ಟರ್, ಡಾಕ್ಟ್ರು ಎಷ್ಟೊತ್ತಿಗೆ ಬರ್ತಾರೆ?” ಎಂದು ಕೇಳುತ್ತಿದ್ದರು. ಆಮೇಲೆ ನನ್ನ ಬಾಯಿಗೆ ಹೆದರಿ ಕೇಳುವುದನ್ನು ಬಿಟ್ಟರು. ಆಪರೇಷನ್ ಥಿಯೇಟರಿನಲ್ಲಿ ಯಾರಾದರೂ ತಪ್ಪು ಸಲಕರಣೆ ಕೈಗೆ ಕೊಟ್ಟರೆ ಅದು ಟ್ರೇಗೆ ವಾಪಸು ಹೋಗುತ್ತಿರಲಿಲ್ಲ, ಗೋಡೆಗೆ ಹೋಗುತ್ತಿತ್ತು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಈ ಕೇಸಿನಲ್ಲಿ ಸಿಟ್ಟಿನ ಮನುಷ್ಯ ಒಬ್ಬನೇ ಇರಲಿಲ್ಲ ಎಂಬುದು ಓದುವವರಿಗೆ ಮೊದಲೇ ಗೊತ್ತಿರಲಿ ಅಂತ ಹೇಳಿದೆ.

ಒಂದು ಸೋಮವಾರ ಬೆಳಗ್ಗೆ ಒಪಿಡಿ ಶುರುವಾಗುವ ಹೊತ್ತಿಗೆ ಇಬ್ಬರು ಗಂಡಸರು ಮೂರನೆಯವನೊಬ್ಬನನ್ನು ಹೊತ್ತುಕೊಂಡು ಬಂದರು. ಹೆಸರು ಪ್ರಶಾಂತ್, ವಯಸ್ಸು ಮೂವತ್ನಾಲ್ಕು, ಬಿಟಿಎಂ ಲೇಔಟಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರ. ಜಿಮ್‌ನಲ್ಲಿ ಬೆಳೆಸಿದ ಮೈ. ಎಡಮಂಡಿ ಮಡಿಚಿದಲ್ಲೇ ಸಿಕ್ಕಿಹಾಕಿಕೊಂಡಿತ್ತು. ವಾರ್ಡ್ ಅಸಿಸ್ಟೆಂಟ್ ಕಾಲನ್ನು ಹಾಸಿಗೆ ಮೇಲೆ ಸರಿಮಾಡಲು ಹೋದದ್ದೇ ತಡ, ಪ್ರಶಾಂತ್ ಅವನ ಕೆನ್ನೆಗೆ ಫಟ್ಟೆಂದು ಬಿಟ್ಟ. ನೋವಿನಲ್ಲಿ ಜನ ಏನೇನೋ ಮಾಡುತ್ತಾರೆ, ಇರಲಿ ಅಂದುಕೊಂಡೆ.

“ಏನಾಯ್ತಪ್ಪಾ?” ಎಂದು ಕೇಳಿದೆ.

“ವಾಚ್‌ಮನ್ ಮೇಡಂ. ನಿನ್ನೆ ಫ್ರೆಂಡ್ ಮನೆಗೆ ಅಂತ ಹೋಗಿದ್ದೆ. ಗೇಟಲ್ಲಿ ಮಾತಿಗೆ ಮಾತು ಬಂತು. ಲಾಠೀಲಿ ಮಂಡಿಗೇ ಬಾರಿಸ್ಬಿಟ್ಟ ನನ್ಮಗ. ಇಲ್ಲಿ, ಹೊರಗಡೆ ಸೈಡಿಗೆ.”

ನನಗೆ ಕಲಿಸಿದ ಮೇಷ್ಟ್ರು ಒಂದು ಅಭ್ಯಾಸ ಹಾಕಿದ್ದರು. ನೋಯುವ ಕಾಲಿಗಿಂತ ಮೊದಲು ನೋಯದ ಕಾಲನ್ನು ನೋಡಬೇಕು. ಸರಿಯಾದದ್ದು ಹೇಗಿದೆ ಅಂತ ಗೊತ್ತಾದರೆ ತಾನೇ ಕೆಟ್ಟದ್ದು ಎಷ್ಟು ಕೆಟ್ಟಿದೆ ಅಂತ ತಿಳಿಯುವುದು? ಹಾಗಾಗಿ ಬಲಗಾಲಿನ ಸಾಕ್ಸ್ ತೆಗೆಸಿದೆ. ಮಂಡಿ ಚೆನ್ನಾಗಿತ್ತು. ಆದರೆ ಹೆಬ್ಬೆರಳಿನ ಉಗುರಿನ ಕೆಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಗಾಗಿತ್ತು, ಬೆರಳು ಊದಿತ್ತು. ಇದೇನು ಎಂದರೆ “ಮಂಚಕ್ಕೆ ತಾಗ್ತು ಮೇಡಂ, ಅದು ಬಿಡಿ” ಅಂದ. ಒಪಿಡಿ ಹಾಳೆಯಲ್ಲಿ ಒಂದು ಸಾಲು ಬರೆದು ಎಡಗಾಲಿಗೆ ಬಂದೆ. ಮಂಡಿ ದಪ್ಪಗೆ ಊದಿತ್ತು, ನೇರ ಮಾಡಲು ಹೋದರೆ ಮೂವತ್ತು ಡಿಗ್ರಿಗೆ ನಿಂತುಬಿಡುತ್ತಿತ್ತು. ಚರ್ಮದ ಮೇಲೆ ಗೀರಿಲ್ಲ, ಬಾಸುಂಡೆಯಿಲ್ಲ, ನೀಲಿಗಟ್ಟಿದ ಗುರುತಿಲ್ಲ. ಅದನ್ನೂ ಬರೆದೆ.

ಇಲ್ಲಿ ಮಂಡಿಯ ಒಳಗೇನಿದೆ ಅಂತ ಸ್ವಲ್ಪ ಹೇಳಬೇಕು. ತೊಡೆಯ ಮೂಳೆಯ ತುದಿ ಗುಂಡಗಿದೆ, ಅದು ಕೂರುವ ಕಾಲಿನ ಮೂಳೆಯ ತಲೆ ಹೆಚ್ಚುಕಡಿಮೆ ಚಪ್ಪಟೆ. ಗುಂಡಗಿರುವುದು ಚಪ್ಪಟೆಯ ಮೇಲೆ ನಿಲ್ಲಬೇಕಾದರೆ ನಡುವೆ ಏನಾದರೂ ಬೇಕಲ್ಲ? ನೀರಿನ ಕೊಡ ತಲೆಯ ಮೇಲೆ ನಿಲ್ಲಲು ಹೆಂಗಸರು ಬಟ್ಟೆ ಸುತ್ತಿ ಸಿಂಬೆ ಇಟ್ಟುಕೊಳ್ಳುತ್ತಾರಲ್ಲ, ಹಾಗೆ ಮಂಡಿಯಲ್ಲಿ ಎರಡು ಸಿಂಬೆಗಳಿವೆ, ಒಳಗಡೆಗೊಂದು, ಹೊರಗಡೆಗೊಂದು. ಎರಡೂ ಪೂರ್ತಿ ಬಳೆಯಲ್ಲ, ಅರ್ಧಚಂದ್ರದ ಆಕಾರ. ಇದೇ ಮೆನಿಸ್ಕಸ್. ಮೈಭಾರವನ್ನು ಹಂಚುವುದು, ಅದುರುವಿಕೆಯನ್ನು ತಡೆಯುವುದು ಇದರ ಕೆಲಸ. ಇದರ ಹೊರ ಅಂಚಿಗೆ ಮಾತ್ರ ರಕ್ತ ಬರುತ್ತದೆ, ಆದ್ದರಿಂದ ಅಲ್ಲಿ ಹರಿದರೆ ಹೊಲಿದು ಕೂಡಿಸಬಹುದು. ಒಳ ಅಂಚಿಗೆ ರಕ್ತವಿಲ್ಲ. ಅಲ್ಲಿ ಹರಿದದ್ದು ಸಾಮಾನ್ಯವಾಗಿ ಕೂಡುವುದಿಲ್ಲ.

ಮರುದಿನ ಎಂಆರ್‌ಐ ಬಂತು. ಒಳಗಡೆಯ ಮೆನಿಸ್ಕಸ್ ಉದ್ದಕ್ಕೂ ಸೀಳಿ, ಸೀಳಿದ ಪಟ್ಟಿ ಮಗುಚಿಕೊಂಡು ಕೀಲಿನ ನಡುವೆ ಸಿಕ್ಕಿಹಾಕಿಕೊಂಡಿತ್ತು. ಪಟ್ಟಿ ಬಕೆಟ್ಟಿನ ಹಿಡಿಯಂತೆ ಕಾಣುವುದರಿಂದ ಇದಕ್ಕೆ ಬಕೆಟ್ ಹ್ಯಾಂಡಲ್ ಟೇರ್ ಎನ್ನುತ್ತೇವೆ. ಮಂಡಿ ಲಾಕ್ ಆಗಿದ್ದು ಅದರಿಂದಲೇ.

ಹೊಡೆದಾಟದ ಕೇಸಾದ್ದರಿಂದ ಪೊಲೀಸರಿಗೆ ಗಾಯದ ಸರ್ಟಿಫಿಕೇಟ್ ಕೊಡಬೇಕಿತ್ತು. ಅದೊಂದು ಅಚ್ಚು ಹಾಕಿದ ಫಾರಂ. ಯಾವ ಗಾಯ, ಎಷ್ಟು ದಿನದ್ದು, ಯಾವ ಆಯುಧದಿಂದ ಆದದ್ದು, ಸಾಧಾರಣವೋ ತೀವ್ರವೋ ಎಂದು ಸಾಲಾಗಿ ಕಾಲಂಗಳು. ಇಪ್ಪತ್ತು ದಿನಕ್ಕಿಂತ ಹೆಚ್ಚು ಕಾಲ ಮನುಷ್ಯ ತನ್ನ ಎಂದಿನ ಕೆಲಸ ಮಾಡಲಾಗದಿದ್ದರೆ ಆಗಿನ ಕಾಯಿದೆಯಲ್ಲಿ ಅದು ತೀವ್ರ ಗಾಯ. ‘ತೀವ್ರ’ ಎಂದು ಬರೆದೆ, ಅದರಲ್ಲಿ ತಪ್ಪಿಲ್ಲ. ಆಯುಧದ ಕಾಲಂನಲ್ಲಿ ‘ಲಾಠಿ’ ಎಂದು ಬರೆದೆ. ನಾನು ಲಾಠಿ ನೋಡಿರಲಿಲ್ಲ. ಅದರ ಗುರುತನ್ನೂ ನೋಡಿರಲಿಲ್ಲ. ರೋಗಿ ಹೇಳಿದ್ದನ್ನು ಆ ಕಾಲಂಗೆ ಇಳಿಸುವುದು ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದ ರೂಢಿ. ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಹಿಂದಿನ ವಾರವಷ್ಟೇ ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ನನ್ನ ಪಾರ್ಕಿಂಗ್ ಜಾಗಕ್ಕೆ ಬೇರೆಯವರ ಕಾರು ಬಿಟ್ಟಿದ್ದ, ನಾನು ಬೀದಿಗೆಲ್ಲ ಕೇಳುವ ಹಾಗೆ ಕೂಗಾಡಿದ್ದೆ. ವಾಚ್‌ಮನ್ ಹೊಡೆದ ಅಂದರೆ ಹೊಡೆದೇ ಇರುತ್ತಾನೆ ಅಂತ ನನ್ನ ಮನಸ್ಸು ಆಗಲೇ ತೀರ್ಮಾನಿಸಿತ್ತು. ಸಹಿ ಹಾಕಿ ಕಳಿಸಿದೆ. ಎರಡು ನಿಮಿಷದ ಕೆಲಸ.

ಗುರುವಾರ ಆಪರೇಷನ್. ಮಂಡಿಯಲ್ಲಿ ಎರಡು ಸಣ್ಣ ತೂತು ಮಾಡಿ, ಒಂದರಿಂದ ಕ್ಯಾಮೆರಾ, ಇನ್ನೊಂದರಿಂದ ಸಲಕರಣೆ ಹಾಕುವ ಆರ್ತ್ರೋಸ್ಕೋಪಿ. ಮಗುಚಿಕೊಂಡ ಪಟ್ಟಿಯನ್ನು ಕೊಕ್ಕೆಯಿಂದ ಅದರ ಜಾಗಕ್ಕೆ ತಳ್ಳಿದಾಗ ‘ಟಕ್’ ಅಂತ ಕೂತುಕೊಂಡಿತು. ಹರಿದದ್ದು ರಕ್ತ ಬರುವ ಹೊರ ಅಂಚಿನಲ್ಲೇ. ಕತ್ತರಿಸಿ ತೆಗೆದಿದ್ದರೆ ಮೂರು ವಾರದಲ್ಲಿ ಓಡಾಡುತ್ತಿದ್ದ, ಆದರೆ ಮುಂದೆ ಮೂಳೆಗೆ ಮೂಳೆ ತಿಕ್ಕಿ ಮಂಡಿ ಬೇಗ ಸವೆಯುತ್ತಿತ್ತು. ವಯಸ್ಸು ಚಿಕ್ಕದು, ಉಳಿಸೋಣ ಎಂದು ನಾಲ್ಕು ಹೊಲಿಗೆ ಹಾಕಿದೆ. ಶನಿವಾರ ಮನೆಗೆ ಕಳಿಸುವಾಗ ಕಟ್ಟುನಿಟ್ಟಾಗಿ ಹೇಳಿದೆ: ಆರು ವಾರ ಎಡಗಾಲಿನ ಮೇಲೆ ಭಾರ ಹಾಕಬಾರದು, ನಾಲ್ಕು ತಿಂಗಳು ಕುಕ್ಕರಗಾಲಲ್ಲಿ ಕೂರಬಾರದು, ಎಡಗಾಲನ್ನು ನೆಲಕ್ಕೂರಿ ಮೈ ತಿರುಚುವುದಂತೂ ಕೂಡದೇ ಕೂಡದು.

ಸೋಮವಾರ ಬೆಳಗ್ಗೆ ನನ್ನ ಕೋಣೆಗೆ ಭಾಗ್ಯಮ್ಮ ಬಂದರು. ನಮ್ಮ ಆಸ್ಪತ್ರೆಯ ಆಯಾ, ಹನ್ನೆರಡು ವರ್ಷದಿಂದ ಇದ್ದವರು, ಹುಳಿಮಾವಿನ ಕಡೆಯವರು. ದಿನಾ ನೆಲ ಒರೆಸಲು ಬಂದಾಗ “ಕಾಲೆತ್ತಿ ಮೇಡಂ” ಎಂದು ನನಗೇ ಅಪ್ಪಣೆ ಮಾಡುತ್ತಿದ್ದ ಒಬ್ಬರೇ ಅವರು. ಆ ದಿನ ಕೈಯಲ್ಲಿ ಒರೆಸುವ ಕೋಲೂ ಇರಲಿಲ್ಲ, ಬಕೆಟ್ಟೂ ಇರಲಿಲ್ಲ.

“ನಮ್ಮನೆಯವ್ರನ್ನ ಶನಿವಾರ ಪೊಲೀಸ್ನೋರು ಎತ್ತಾಕೊಂಡ್ ಹೋದ್ರು ಮೇಡಂ. ಜೈಲಿಗ್ ಹಾಕವ್ರೆ. ಡಾಕ್ಟ್ರು ಲಾಠೀಲಿ ಹೊಡ್ದಿದ್ದು ಅಂತ ಬರ್ದ್‌ಬಿಟ್ಟವ್ರೆ, ಅದಕ್ಕೇ ಬೇಲಿಲ್ಲ ಅಂತ ಲಾಯರ್ರು ಹೇಳಿದ್ರು. ಪೇಪರ್ ತೋರ್ಸಿದ್ರು. ನಿಮ್ ಸೈನು.”

ಅವರ ಗಂಡ ಸಿದ್ದರಾಜು ಆಸ್ಪತ್ರೆಯಿಂದ ಎರಡು ರಸ್ತೆ ಆಚೆಯ ಅಪಾರ್ಟ್‌ಮೆಂಟೊಂದರ ವಾಚ್‌ಮನ್. ಭಾನುವಾರ ನಡೆದದ್ದನ್ನು ಅವರು ನಿಂತಲ್ಲೇ ಹೇಳಿದರು. ಪ್ರಶಾಂತ್ ಬಂದು ಗೇಟ್ ತೆಗಿ ಅಂದಿದ್ದಾನೆ. ಸಿದ್ದರಾಜು ರಿಜಿಸ್ಟರಿನಲ್ಲಿ ಹೆಸರು ಬರೆಯಿರಿ ಅಂದಿದ್ದಾರೆ. ನನಗೇ ಬರಿ ಅಂತೀಯೇನೋ ಎಂದು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದವರ ಪಕ್ಕೆಗೆ ಒದ್ದಿದ್ದಾನೆ, ಮೂರು ಸಲ. ಮೂರನೆಯ ಸಲ ಕಾಲು ಕುರ್ಚಿಯ ಕೈಗೆ ಬಡಿದು ಅವನೇ ಕೆಳಗೆ ಬಿದ್ದು ಮಂಡಿ ಹಿಡಿದುಕೊಂಡಿದ್ದಾನೆ. ಲಾಠಿ ಕ್ಯಾಬಿನ್ನಿನ ಒಳಗಿತ್ತು. ಆ ಕಡೆಗೆ ಕ್ಯಾಮೆರಾ ಇರಲಿಲ್ಲ. ತನ್ನ ಮೇಲೆ ದೂರು ಬರುವ ಮೊದಲೇ ಪ್ರಶಾಂತನೇ ದೂರು ಕೊಟ್ಟಿದ್ದ.

“ಅವನು ಯಾರು ಅಂತ ನನ್ಗೆ ಗೊತ್ತಿರ್ಲಿಲ್ಲ ಮೇಡಂ. ಶನಿವಾರ ಸ್ಟೇಷನ್ ಮುಂದೆ ಕಾರಲ್ ಕೂತಿದ್ದ, ಆಗ ಗುರ್ತು ಸಿಕ್ತು. ಎರಡ್ ದಿನ ಅವನ್ ರೂಮ್ ಒರ್ಸಿದೀನಿ, ಅವನ್ ಬೆಡ್‌ಪ್ಯಾನ್ ತೊಳ್ದಿದೀನಿ.”

ನಾನು ಮೆತ್ತಗಾಗಬೇಕಿತ್ತು. ಆಗಲಿಲ್ಲ. ನನ್ನ ಸಹಿಯನ್ನು ಪ್ರಶ್ನೆ ಮಾಡಿದ್ದೇ ನನಗೆ ಚುಚ್ಚಿತು. “ನೋಡಮ್ಮ, ನಿನ್ನ ಗಂಡ ಹೇಳಿದ್ದು ನೀನು ನಂಬ್ತೀಯ. ನನ್ನ ಪೇಷಂಟ್ ಹೇಳಿದ್ದನ್ನ ನಾನು ಬರೆದಿದೀನಿ. ಕೋರ್ಟ್ ನೋಡ್ಕೊಳ್ಳುತ್ತೆ, ಹೋಗು” ಎಂದೆ.

ಅವರು ಬಾಗಿಲವರೆಗೆ ಹೋಗಿ ತಿರುಗಿದರು. “ನೀವು ಅವನ ಎಡಗಾಲು ನೋಡಿದ್ರಿ. ಅವನು ಒದ್ದಿದ್ದು ಬಲಗಾಲಲ್ಲಿ. ಅದನ್ನ ನೋಡಿದ್ರಾ ಮೇಡಂ?”

ಅವರು ಹೋದ ಮೇಲೆ ಫೈಲು ತರಿಸಿದೆ. ನನ್ನದೇ ಅಕ್ಷರ: ಬಲ ಹೆಬ್ಬೆರಳಿನ ಉಗುರಿನ ಕೆಳಗೆ ಹೊಸ ರಕ್ತ, ಎಡಮಂಡಿಯ ಚರ್ಮ ಸಂಪೂರ್ಣ ಸ್ವಚ್ಛ. ಎಂಆರ್‌ಐ ಮತ್ತೆ ನೋಡಿದೆ. ಲಾಠಿಯೇಟು ಬಿದ್ದಿದ್ದರೆ ಮಂಡಿಯ ಹೊರಬದಿಯ ಚರ್ಮದ ಕೆಳಗೆ ಊತ ಇರಬೇಕಿತ್ತು, ಮೂಳೆಯೊಳಗೆ ಜಜ್ಜಿದ ಗುರುತಿರಬೇಕಿತ್ತು. ಏನೂ ಇಲ್ಲ. ಬಕೆಟ್ ಹ್ಯಾಂಡಲ್ ಟೇರ್ ಆಗುವುದು ಸಾಮಾನ್ಯವಾಗಿ ಹೇಗೆ? ಪಾದ ನೆಲಕ್ಕೆ ಊರಿದೆ, ಮಂಡಿ ಸ್ವಲ್ಪ ಮಡಿಚಿದೆ, ಮೇಲಿನ ಮೈ ಜೋರಾಗಿ ತಿರುಚುತ್ತದೆ. ಬಲಗಾಲಲ್ಲಿ ಬೀಸಿ ಒದೆಯುವವನ ಎಡಗಾಲಿಗೆ ಆಗುವುದು ಅದೇ. ಇಪ್ಪತ್ತೇಳು ವರ್ಷ ಇದನ್ನೇ ಕಲಿತು, ಕಲಿಸಿ, ಕಣ್ಣೆದುರಿಗಿದ್ದ ಹೆಬ್ಬೆರಳನ್ನು ನಾನು ಮಂಚಕ್ಕೆ ತಾಗಿದ್ದು ಅಂತ ಬಿಟ್ಟಿದ್ದೆ.

ಆವತ್ತೇ ಬರೆಯಬೇಕಿತ್ತು. ತನಿಖಾಧಿಕಾರಿಗೆ ಒಂದು ಹಾಳೆ ಸಾಕು. ಆಡಳಿತದವರನ್ನು ಕೇಳಿದೆ. “ಪೊಲೀಸ್ನೋರು ಕೇಳಿದಾರಾ ಮೇಡಂ? ಇಲ್ವಲ್ಲ. ಕೇಳ್ದೇ ನಾವಾಗೇ ಯಾಕೆ ತಪ್ಪಾಯ್ತು ಅಂತ ಬರ್ಕೊಡೋದು? ಪೇಷಂಟೇ ನಮ್ಮ್ ಮೇಲೆ ಕೇಸ್ ಹಾಕ್ತಾನೆ” ಎಂದರು. ಅವರ ಮಾತು ನನಗೆ ಹಿತವಾಗಿತ್ತು. ನನ್ನ ಒಂದು ಸರ್ಟಿಫಿಕೇಟೂ ಅಲ್ಲಿಯವರೆಗೆ ತಿದ್ದಿಸಿಕೊಂಡಿರಲಿಲ್ಲ. ಗಂಡಸರೇ ತುಂಬಿದ ವಿಭಾಗದಲ್ಲಿ ಅದು ನನ್ನ ದೊಡ್ಡ ಒಣ ಜಂಬ. ಪೊಲೀಸರು ಕೇಳಲಿ, ಹೇಳುತ್ತೇನೆ ಅಂತ ಫೈಲನ್ನು ಡ್ರಾಯರಿಗೆ ಹಾಕಿದೆ. ಪೊಲೀಸರು ಕೇಳಲಿಲ್ಲ. ಅವರೇಕೆ ಕೇಳುತ್ತಾರೆ? ಅವರ ಬಳಿ ನನ್ನ ಸಹಿ ಇತ್ತು.

ಭಾಗ್ಯಮ್ಮ ಮತ್ತೆ ಆ ಮಾತೆತ್ತಲಿಲ್ಲ. ದಿನಾ ಬರುತ್ತಿದ್ದರು, ಒರೆಸುತ್ತಿದ್ದರು, ಹೋಗುತ್ತಿದ್ದರು. “ಕಾಲೆತ್ತಿ” ಅನ್ನುತ್ತಿರಲಿಲ್ಲ, ನನ್ನ ಪಾದದ ಸುತ್ತಲೂ ಒರೆಸಿಕೊಂಡು ಹೋಗುತ್ತಿದ್ದರು. ನಾನು ಕಂಪ್ಯೂಟರ್ ನೋಡುತ್ತಿದ್ದೆ.

ಹೀಗೆ ಮೂವತ್ತೆಂಟು ದಿನ ಕಳೆಯಿತು. ಆ ಗುರುವಾರ ಪ್ರಶಾಂತನ ಆರು ವಾರದ ರಿವ್ಯೂ. ಮಂಡಿಗೆ ಕಟ್ಟಬೇಕಿದ್ದ ಬ್ರೇಸನ್ನು ಕಾರಿನಲ್ಲೇ ಬಿಟ್ಟು, ಎರಡು ಊರುಗೋಲಿನ ಬದಲು ಒಂದನ್ನೇ ಸ್ಟೈಲಿಗೆ ಹಿಡಿದು ಬಂದಿದ್ದ. ನನ್ನ ಕೋಣೆಯ ಬಾಗಿಲು ತೆರೆದಿತ್ತು. ಕಾರಿಡಾರಿನಲ್ಲಿ ಭಾಗ್ಯಮ್ಮ ಬಗ್ಗಿ ಬಟ್ಟೆ ಹಿಂಡುತ್ತಿದ್ದರು. ಅವನು ಅವರನ್ನು ನೋಡಿ ನಿಂತ.

“ಏನೇ, ಸ್ಟೇಷನ್ ಮುಂದೆ ಕೂಗಾಡ್ತಿದ್ದೋಳು ನೀನೇ ಅಲ್ವಾ? ನಿನ್ ಗಂಡ ಒಳಗೆ ಮುದ್ದೆ ಮುರ್ಕೊಂಡು ಆರಾಮಾಗಿದಾನಾ?”

ಭಾಗ್ಯಮ್ಮ ತಲೆ ಎತ್ತಲಿಲ್ಲ. “ನೀನು ಒದ್ದಿರೋ ಪಕ್ಕೇಲಿ ಅವ್ರಿಗೆ ಉಸ್ರು ಎಳ್ಕೊಳಕ್ ಆಗ್ತಿಲ್ಲ. ನಿನ್ಗೆ ನಿದ್ದೆ ಬರ್ತಾ ಇದ್ಯಾ?”

ನಾನು ಕುರ್ಚಿಯಿಂದ ಏಳುವಷ್ಟರಲ್ಲಿ ಆಗಿಹೋಯಿತು. ಅವನು ಊರುಗೋಲನ್ನು ಬಿಸಾಡಿದ. ಎಡಪಾದ ನೆಲಕ್ಕೆ ಊರಿತು, ಮಂಡಿ ಸ್ವಲ್ಪ ಮಡಿಚಿತು, ಮೈಯೆಲ್ಲ ತಿರುಚಿ ಬಲಗಾಲು ಬೀಸಿ ಬಂತು. ಒದೆ ತಡೆಯಲು ಭಾಗ್ಯಮ್ಮ ಎಡಗೈ ಅಡ್ಡ ಹಿಡಿದರು. ಮೂಳೆ ಮುರಿಯುವ ಸದ್ದನ್ನು ನಾನು ಬಹಳ ಕೇಳಿದ್ದೇನೆ, ಆದರೆ ಅದು ನನ್ನ ಕೈಯಿಂದ, ಅರಿವಳಿಕೆ ಕೊಟ್ಟ ಮೇಲೆ. ಅವರು ಬಕೆಟ್ಟಿನ ಮೇಲೆ ಬಿದ್ದು, ಬಕೆಟ್ ಮಗುಚಿ, ತಲೆ ಗೋಡೆಗೆ ಬಡಿಯಿತು. ಅದೇ ಗಳಿಗೆಯಲ್ಲಿ ಅವನು “ಅಯ್ಯೋ ಅಮ್ಮಾ” ಎಂದು ಅರಚಿಕೊಂಡು ಕೊಳಕು ನೀರಿನಲ್ಲಿ ಕುಸಿದ. ಎಡಮಂಡಿ ಮೂವತ್ತು ಡಿಗ್ರಿಯಲ್ಲಿ ಮತ್ತೆ ಸಿಕ್ಕಿಹಾಕಿಕೊಂಡಿತ್ತು. “ಮೇಡಂ, ಮೇಡಂ” ಎಂದು ನನ್ನ ಸೀರೆಯ ಅಂಚು ಹಿಡಿದ.

ನಾನು ಅವನನ್ನು ದಾಟಿಕೊಂಡು ಹೋದೆ. ಆ ಹೊತ್ತು ಅವನನ್ನು ನಾನೂ ಒದ್ದುಬಿಡುತ್ತಿದ್ದೆ. ಒದೆಯದೇ ಇದ್ದದ್ದು ನನ್ನ ಒಳ್ಳೆಯತನದಿಂದಲ್ಲ, ಭಾಗ್ಯಮ್ಮ ನನ್ನನ್ನೇ ನೋಡುತ್ತಿದ್ದರು, ಅದಕ್ಕೆ. ಮಣಿಕಟ್ಟು ಸೊಟ್ಟಗಾಗಿತ್ತು. ಹಣೆಯಿಂದ ರಕ್ತ ಕಣ್ಣಿಗೆ ಇಳಿಯುತ್ತಿತ್ತು. ಅಳಲಿಲ್ಲ ಆ ಹೆಂಗಸು.

“ಈಗ ಬರೀತೀರಾ ಮೇಡಂ?” ಅಂದರು.

ಬರೆದೆ. ಅವರ ಮಣಿಕಟ್ಟನ್ನು ಕೂರಿಸಿ, ಪ್ಲಾಸ್ಟರ್ ಹಾಕಿ, ಹಣೆಗೆ ಹೊಲಿಗೆ ಹಾಕಿದ ಕೂಡಲೇ ಮೊದಲು ಅವರ ಸರ್ಟಿಫಿಕೇಟ್ ಬರೆದೆ. ಆಯುಧದ ಕಾಲಂನಲ್ಲಿ ‘ಬಲಗಾಲು, ನಾನೇ ಕಣ್ಣಾರೆ ಕಂಡಿದ್ದೇನೆ’ ಎಂದು ಬರೆದೆ. ಆಮೇಲೆ ಸಿದ್ದರಾಜು ಅವರ ಕೇಸಿನ ತನಿಖಾಧಿಕಾರಿಗೆ ಮೂರು ಪುಟದ ಪತ್ರ. ಯಾರು ಯಾರಿಗೆ ಹೊಡೆದರು ಅಂತ ಮಂಡಿ ಹೇಳುವುದಿಲ್ಲ, ಆದರೆ ಈ ಮಂಡಿಗೆ ಕೋಲಿನೇಟು ಬಿದ್ದ ಯಾವ ಗುರುತೂ ಇಲ್ಲ. ಇದು ಊರಿದ ಕಾಲಿನ ಮೇಲೆ ಮೈ ತಿರುಚಿ ಆಗುವ ಸೀಳು. ಬಲ ಹೆಬ್ಬೆರಳಿನಲ್ಲಿ ಹೊಸ ಪೆಟ್ಟಿತ್ತು, ಅದನ್ನು ನಾನು ಸರ್ಟಿಫಿಕೇಟಿಗೆ ಸೇರಿಸಲಿಲ್ಲ. ‘ಲಾಠಿ’ ಎಂಬುದು ನಾನು ಕೇಳಿದ ಮಾತು, ಕಂಡದ್ದಲ್ಲ. ಆಡಳಿತದವರು ಏನೋ ಹೇಳಲು ಬಂದರು. ನನ್ನ ಮುಖ ನೋಡಿ ವಾಪಸು ಹೋದರು.

ಪ್ರಶಾಂತ್ ಸ್ಟ್ರೆಚರಿನ ಮೇಲೆ ಒದ್ದಾಡುತ್ತಿದ್ದ. ಹತ್ತಿರ ಹೋಗಿ ಹೇಳಿದೆ: “ನೋಡು, ನೀನು ಮಾಡಿದ್ದನ್ನ ನಾನು ಬರೆದು ಪೊಲೀಸರಿಗೆ ಕಳಿಸಿದೀನಿ. ಬೇರೆ ಆಸ್ಪತ್ರೆಗೆ ಹೋಗ್ತೀನಿ ಅಂದ್ರೆ ಆಂಬುಲೆನ್ಸ್ ಕರೆಸ್ತೀನಿ.”

“ಎಲ್ಲೂ ಬೇಡ, ನೀವೇ ಮಾಡಿ ಮೇಡಂ. ತಡ್ಕೊಳಕ್ಕಾಗ್ತಿಲ್ಲ” ಎಂದ.

ಮಾರನೆಯ ದಿನ ಮತ್ತೆ ಅದೇ ಮಂಡಿಯ ಒಳಗೆ ಕ್ಯಾಮೆರಾ ಇಳಿಸಿದೆ. ನನ್ನ ನಾಲ್ಕು ಹೊಲಿಗೆಯೂ ಕಿತ್ತುಬಂದಿದ್ದವು. ಪಟ್ಟಿ ಚಿಂದಿಯಾಗಿತ್ತು, ಇನ್ನು ಹೊಲಿಯುವ ಹಾಗಿರಲಿಲ್ಲ. ಕತ್ತರಿಸುವ ಸಲಕರಣೆ ನನ್ನ ಕೈಯಲ್ಲಿತ್ತು, ಅವನು ಮಲಗಿದ್ದ. ಸ್ಕ್ರೀನಿನಲ್ಲಿ ಹರಿದದ್ದೂ ಕಾಣುತ್ತಿತ್ತು, ಇನ್ನೂ ಗಟ್ಟಿಯಾಗಿದ್ದ ಅಂಚೂ ಕಾಣುತ್ತಿತ್ತು. ಹೆಚ್ಚಾಗಿ ತೆಗೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ನನಗೆ ಬಂದದ್ದು ನಿಜ, ಅದಕ್ಕೆ ನನಗೆ ಇವತ್ತಿಗೂ ನಾಚಿಕೆ. ಹರಿದ ಅರ್ಧವನ್ನಷ್ಟೇ ತೆಗೆದೆ, ಗಟ್ಟಿಯಿದ್ದದ್ದನ್ನು ಮುಟ್ಟಲಿಲ್ಲ. ಆ ದಿನ ಥಿಯೇಟರಿನಲ್ಲಿ ಒಂದು ಸಲಕರಣೆಯನ್ನೂ ಬಿಸಾಡಲಿಲ್ಲ. ಸಿಸ್ಟರ್ ನನಗೆ ಹುಷಾರಿಲ್ಲವೇನೋ ಅಂದುಕೊಂಡರಂತೆ.

ಪತ್ರ ಹೋದ ಒಂಬತ್ತನೆಯ ದಿನ ಸಿದ್ದರಾಜು ಅವರಿಗೆ ಬೇಲ್ ಸಿಕ್ಕಿತು. ಒಟ್ಟು ನಲವತ್ತೊಂಬತ್ತು ದಿನ ಒಳಗಿದ್ದರು. ನಮ್ಮಲ್ಲೇ ಎಕ್ಸ್‌ರೇ ತೆಗೆಸಿದೆ. ಎಡಪಕ್ಕೆಯ ಎರಡು ಮೂಳೆ ಮುರಿದು, ಯಾರೂ ನೋಡದೆ, ಸೊಟ್ಟಗೆ ಕೂಡಿಕೊಂಡಿದ್ದವು. ಎರಡೂ ಕೇಸು ಮುಗಿಯಲು ಎರಡು ವರ್ಷ ಬೇಕಾಯಿತು. ಪ್ರಶಾಂತನ ಪರ ವಕೀಲರು ನನ್ನನ್ನು ಕಟಕಟೆಯಲ್ಲಿ ಒಂದೂವರೆ ಗಂಟೆ ನಿಲ್ಲಿಸಿದರು.

“ಹಾಗಾದ್ರೆ ಡಾಕ್ಟ್ರೇ, ಮೊದಲನೇ ಸರ್ಟಿಫಿಕೇಟಲ್ಲಿ ನೀವು ಬರೆದಿದ್ದು ಸುಳ್ಳು ಅಂತ ಒಪ್ಕೋತೀರಾ?”

“ಅದು ಸೋಮಾರಿತನ ಸ್ವಾಮಿ. ಪರಿಣಾಮ ಸುಳ್ಳಿನದ್ದೇ ಆಯ್ತು” ಅಂದೆ.

ಕೋರ್ಟು ಸಿದ್ದರಾಜು ಅವರನ್ನು ನಿರಪರಾಧಿ ಅಂತ ಬಿಟ್ಟಿತು. ಭಾಗ್ಯಮ್ಮನ ಕೈ ಮುರಿದದ್ದಕ್ಕೆ ಪ್ರಶಾಂತನಿಗೆ ಶಿಕ್ಷೆಯಾಯಿತು. ತೀರ್ಪಿನ ದಿನ ಅವನು ಎಡಗಾಲು ಎಳೆಯುತ್ತಾ ಮೆಟ್ಟಿಲು ಇಳಿಯುತ್ತಿದ್ದ.

ನಾನು ರಿಟೈರ್ ಆಗುವವರೆಗೆ ನನ್ನ ಜೂನಿಯರ್‌ಗಳಿಗೆ ಎರಡು ಮಾತು ಹೇಳಿಕೊಟ್ಟೆ. ಮಂಡಿ ನೋವು ಅಂತ ಬಂದವರ ಎರಡೂ ಕಾಲಿನ ಸಾಕ್ಸ್ ತೆಗೆಸಿ. ಆಯುಧದ ಕಾಲಂನಲ್ಲಿ ಕಂಡದ್ದನ್ನು ಮಾತ್ರ ಬರೆಯಿರಿ, ಉಳಿದದ್ದಕ್ಕೆಲ್ಲ ‘ರೋಗಿಯ ಹೇಳಿಕೆ’ ಎಂದು ಸೇರಿಸಿ. ಒಳ್ಳೆಯ ಮಾತೇ. ಆದರೆ ವೃತ್ತಿ ನನಗೆ ಕಲಿಸಿದ್ದು ಅಷ್ಟೇ ಅಂದರೆ ಈ ಬರಹವೂ ಆ ಸರ್ಟಿಫಿಕೇಟಿನ ಹಾಗೆಯೇ ಮುಖ್ಯವಾದದ್ದನ್ನು ಬಿಟ್ಟು ಬರೆದದ್ದಾಗುತ್ತದೆ.

ಭಾಗ್ಯಮ್ಮನ ಪ್ಲಾಸ್ಟರ್ ಬಿಚ್ಚಿದ ದಿನ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಕಟರ್ ಆಫ್ ಮಾಡಿ, “ನನ್ನಿಂದ ದೊಡ್ಡ ತಪ್ಪಾಯ್ತು ಭಾಗ್ಯಮ್ಮ. ನೀವು ಕ್ಷಮಿಸ್ಬೇಕು” ಎಂದೆ. ಹನ್ನೆರಡು ವರ್ಷದಲ್ಲಿ ಅವರಿಗೆ ‘ನೀವು’ ಅಂದದ್ದು ಅದೇ ಮೊದಲು. ಅವರು ಸುಕ್ಕುಗಟ್ಟಿದ ಕೈಯನ್ನು ಮಡಿಚಿ, ಬಿಡಿಸಿ, ಬೆರಳುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿಕೊಂಡರು.

“ಅವನು ಒದ್ದಿದ್ದು ಬರ್ದ್ರಿ ಮೇಡಂ. ಕೋಲಲ್ ಹೊಡ್ದಿಲ್ಲ ಅಂತಾನೂ ಬರ್ದ್ರಿ. ಎಲ್ಲಾ ಗೊತ್ತಿದ್ದೂ ಮೂವತ್ತೆಂಟ್ ದಿನ ಸುಮ್ನೆ ಕೂತಿದ್ರಲ್ಲ, ಅದನ್ನ ಎಲ್ಲಿ ಬರೀತೀರಾ?”

ಆ ಫಾರಮಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಇಲ್ಲಿ ಬರೆದಿದ್ದೇನೆ, ಭಾಗ್ಯಮ್ಮ.